ಹಳೆಯ ಹಲಗೆ, ಹೊಸ ಹಾಸು

ನಮ್ಮ ಮನೆಯ ಉಪ್ಪರಿಗೆಯ ನೆಲ ತೀರ್ಥರೂಪರ ಕಾಲದ ಹಲಸಿನ ಹಲಗೆಯದು. ಹಲಗೆಗಳು ಅಲ್ಲಲ್ಲಿ ಬಾಗಿ, ಮೊಳೆಗಳ ತಲೆ ಮೇಲೆದ್ದು, ನಡೆದರೆ ಅಂಗಾಲಿಗೆ ತಾಗುತ್ತಿದ್ದವು. ಮೇಲೆ ವಿನೈಲ್ ಹಾಸು ಹಾಕಿಸೋಣವೆಂದು ಮಗ ಸೂಚಿಸಿದಾಗ ನಾನೂ ಒಪ್ಪಿದೆ. ನೋಡಲು ಬಂದ ಬಡಗಿ ಮಾತ್ರ, "ಹಾಸೋದು ಒಂದು ದಿನದ ಕೆಲಸ ಮೇಷ್ಟ್ರೇ, ಕೆಳಗೆ ಸಮ ಮಾಡೋಕೆ ನಾಲ್ಕು ದಿನ ಬೇಕು" ಎಂದರು.

ಅವರ ಈ ಮಾತಿಗೆ ನೂರೈವತ್ತು ವರ್ಷಗಳ ಚರಿತ್ರೆಯ ಸಾಕ್ಷ್ಯವಿದೆ.

ಬ್ರಿಟನ್ನಿನ ಮನೆಗಳಲ್ಲಿ ಹಲಗೆಯ ನೆಲ ಸಾಮಾನ್ಯ. ಮೊದಲು ಅದರ ಮೇಲೆ ಎಣ್ಣೆಬಣ್ಣ ಬಳಿದ ಕ್ಯಾನ್ವಾಸನ್ನು ಹಾಸುತ್ತಿದ್ದರು. ಬಣ್ಣದ ಡಬ್ಬಿಯಲ್ಲಿ ಅಗಸೆ ಎಣ್ಣೆಯು ಗಾಳಿಗೆ ಕೆನೆಗಟ್ಟಿ ರಬ್ಬರಿನಂತಾಗುವುದನ್ನು ಗಮನಿಸಿದ ಫ್ರೆಡರಿಕ್ ವಾಲ್ಟನ್, ಅದಕ್ಕೆ ಕಾರ್ಕಿನ ಪುಡಿ ಬೆರೆಸಿ, ಬಟ್ಟೆಯ ಮೇಲೆ ಒತ್ತಿ ಹೊಸ ಹಾಸನ್ನು ರೂಪಿಸಿ, 1863ರಲ್ಲಿ ಪೇಟೆಂಟ್ ಪಡೆದನು. ಅಗಸೆ, ಎಣ್ಣೆ ಎಂಬರ್ಥದ ಲ್ಯಾಟಿನ್ ಪದಗಳನ್ನು ಕೂಡಿಸಿ ಲಿನೋಲಿಯಂ ಎಂದು ಹೆಸರಿಟ್ಟನು. ಆ ಹೆಸರು ಎಷ್ಟು ಮನೆಮಾತಾಯಿತೆಂದರೆ, ಅದು ಅವನ ಕಂಪನಿಯೊಂದರದೇ ಸ್ವತ್ತಲ್ಲವೆಂದು 1878ರಲ್ಲಿ ನ್ಯಾಯಾಲಯವೇ ತೀರ್ಪಿತ್ತಿತು. ಹಾಸಿನ ಬೆನ್ನಿಗೆ ಬಳಸುತ್ತಿದ್ದ ಬಟ್ಟೆಗೆ ಬೇಕಾದ ಸೆಣಬು ನಮ್ಮ ಅವಿಭಜಿತ ಬಂಗಾಳದಿಂದ ಹಡಗೇರಿ ಹೋಗುತ್ತಿತ್ತು.

ಆದರೆ ತೆಳುವಾದ ಹಾಸು ಕೆಳಗಿನ ಉಬ್ಬುತಗ್ಗುಗಳನ್ನು ಮುಚ್ಚಿಡಲಾರದು. ಹಲಗೆಯ ಅಂಚು ಎದ್ದಲ್ಲಿ ಗೆರೆ ಮೂಡಿ, ಕಾಲ್ತುಳಿತಕ್ಕೆ ಅಲ್ಲಿಯೇ ಮೊದಲು ಸವೆಯುತ್ತಿತ್ತು. ಆದ್ದರಿಂದ ಬಲ್ಲ ಕೆಲಸಗಾರರು ಮೊಳೆಗಳನ್ನು ಒಳಕ್ಕೆ ಬಡಿದು, ಎದ್ದ ಅಂಚನ್ನು ಹತ್ತರಿಯಿಂದ ಹೆರೆದು, ಸಂದುಗಳನ್ನು ತುಂಬಿ, ದಪ್ಪ ಕಾಗದವನ್ನೋ ಫೆಲ್ಟನ್ನೋ ಹರಡಿ, ಆಮೇಲೆ ಹಾಸುತ್ತಿದ್ದರು. ಮುಂದೆ ಹಾರ್ಡ್‌ಬೋರ್ಡ್, ಪ್ಲೈವುಡ್ ಹಾಳೆಗಳು ಆ ಸ್ಥಾನಕ್ಕೆ ಬಂದವು.

ಇನ್ನೂ ದೊಡ್ಡ ಅಪಾಯವೊಂದಿತ್ತು. ನೆಲದಡಿಯ ಗಾಳಿಕಿಂಡಿಗಳು ಮುಚ್ಚಿಹೋದ ಮನೆಗಳಲ್ಲಿ, ಹಾಸಿನಡಿಯ ತೇವ ಆರಲು ದಾರಿ ಕಾಣದೆ ಮರಕ್ಕೆ ಶಿಲೀಂಧ್ರ ಹತ್ತುತ್ತಿತ್ತು. ಮೇಲೆ ಹೊಳಪು, ಕೆಳಗೆ ಕೊಳೆತ ಹಲಗೆ.

ನಮ್ಮಲ್ಲಿಯೂ ಬಡಗಿ ನಾಲ್ಕು ಹಲಗೆ ಎಬ್ಬಿಸಿದಾಗ ಜಂತೆಯೊಂದನ್ನು ಗೆದ್ದಲು ಅರ್ಧ ತಿಂದುಹಾಕಿತ್ತು. ಅದರ ಮೇಲೆಯೇ ರಜೆಯುದ್ದಕ್ಕೂ ಮೊಮ್ಮಕ್ಕಳು ಕುಣಿದಾಡಿದ್ದರು! ನನ್ನ ಕೈಕಾಲುಗಳಲ್ಲಿ ನಡುಕ ಹುಟ್ಟಿತು. ಮೊದಲ ದಿನವೇ ಹಾಸು ಹಾಕಿಸಿದ್ದರೆ ಅದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಜಂತೆ ಬದಲಾಯಿಸಿ, ಹಲಗೆಗಳನ್ನು ಸಮಗೊಳಿಸಿ, ಎಣ್ಣೆ ತಿಕ್ಕಿಸಿದೆವು. ಆಮೇಲೆ ಹಾಸಿನ ಮಾತನ್ನು ಮಗನೂ ಎತ್ತಲಿಲ್ಲ.