ಬೈಲಕುಪ್ಪೆಯ ವಸತಿ ಶಾಲೆಗಳು: ಪರದೇಶದ ಮಕ್ಕಳ ಬದುಕು

ವಿದೇಶಿ ವಿದ್ಯಾರ್ಥಿಗಳು ನೆಲೆಸಿ ಓದುವ ವಸತಿ ಶಾಲೆ ಎಂದೊಡನೆ ಊಟಿ, ಕೊಡೈಕೆನಾಲ್‌ಗಳು ನೆನಪಾಗುತ್ತವೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಹಾಗೂ ಹುಣಸೂರು ತಾಲ್ಲೂಕಿನ ಗುರುಪುರ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಮುಸುಕಿನ ಜೋಳದ ಹೊಲಗಳ ನಡುವಿನ ಈ ಟಿಬೆಟನ್ ನೆಲೆಗಳಲ್ಲಿ ಟಿಬೆಟ್, ಭೂತಾನ್, ನೇಪಾಳ ಮತ್ತು ಮಂಗೋಲಿಯಾದಿಂದ ಬಂದವರು ಲಡಾಖ್, ಅರುಣಾಚಲ ಪ್ರದೇಶದವರೊಂದಿಗೆ ಒಂದೇ ಸೂರಿನಡಿ ಓದುತ್ತಾರೆ.

1959ರಲ್ಲಿ ದಲೈ ಲಾಮಾ ಅವರೊಂದಿಗೆ ಭಾರತಕ್ಕೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. ಗುರುಪುರದ ನೆಲೆ ರೂಪುಗೊಂಡದ್ದು 1972ರಲ್ಲಿ. ಲಾಸಾ ಬಳಿ 1419ರಲ್ಲಿ ಸ್ಥಾಪನೆಯಾಗಿದ್ದ ಸೆರಾ ಮಠದಿಂದ ಪಾರಾಗಿ ಬಂಗಾಳದ ಬಕ್ಸಾ ಶಿಬಿರದಲ್ಲಿ ದಿನ ದೂಡಿದ್ದ ಸುಮಾರು 300 ಭಿಕ್ಷುಗಳು 1970ರ ವೇಳೆಗೆ ಇಲ್ಲಿಗೆ ಬಂದು, ಕಾಡು ಕಡಿದು, ಜೋಳ ಬಿತ್ತಿ ಪಾಠ ಮುಂದುವರಿಸಿದರು. ಪ್ರವಾಸಿಗರು ಸ್ವರ್ಣ ಮಂದಿರವೆಂದು ಕರೆಯುವ ತಾಣವಿರುವ ನಾಮ್‌ಡ್ರೋಲಿಂಗ್ ಮಠ 1963ರದು.

ಮಠದಲ್ಲಿ ಹುಡುಗರ ದಿನ ಬೆಳಕು ಹರಿಯುವ ಮುನ್ನವೇ ಆರಂಭ. ಪ್ರಾರ್ಥನೆ, ಬಳಿಕ ಗ್ರಂಥಗಳ ಕಂಠಪಾಠ. ಬೆಣ್ಣೆ ಚಹಾ, ರೊಟ್ಟಿ ಮುಗಿಸಿ ತರಗತಿ. ಸಂಜೆ ಅಂಗಳದಲ್ಲಿ ತರ್ಕ: ಒಬ್ಬ ಕುಳಿತು ಉತ್ತರಿಸುತ್ತಾನೆ, ಎದುರಿಗೆ ನಿಂತವನು ಪ್ರತಿ ಪ್ರಶ್ನೆಗೂ ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ಮೊದಲ ಬಾರಿ ಕಂಡವರು ಜಗಳವೆಂದೇ ಭಾವಿಸಿಯಾರು! ಪ್ರಮಾಣ, ಪ್ರಜ್ಞಾಪಾರಮಿತೆ, ಮಾಧ್ಯಮಿಕ, ಅಭಿಧರ್ಮ, ವಿನಯ ಎಂಬ ಐದು ಶಾಸ್ತ್ರಗಳನ್ನು ಮುಗಿಸಿ ಸೆರಾದಲ್ಲಿ ಗೆಶೆ ಪದವಿಗೇರಲು ಹದಿನೈದು, ಇಪ್ಪತ್ತು ವರ್ಷಗಳೇ ಬೇಕು. 2014ರಿಂದ ವಿಜ್ಞಾನವೂ ಪಠ್ಯಕ್ರಮದ ಭಾಗವಾಗಿದೆ.

ವಿದ್ಯಾರ್ಥಿಗಳ ವಾಸ ಖಾಂಗ್‌ತ್ಸೆನ್ ಎಂಬ ಮನೆಗಳಲ್ಲಿ. ಹುಟ್ಟಿದ ಸೀಮೆಗೆ ಅನುಗುಣವಾಗಿ ಮನೆ ಗೊತ್ತಾಗುವುದು ಹಳೆಯ ಪದ್ಧತಿ. ಎಳೆಯ ಹುಡುಗನಿಗೆ ತನ್ನ ಮಾತಿನ ಧಾಟಿ ಬಲ್ಲ ಹಿರಿಯರು ಅಲ್ಲಿ ಸಿಗುತ್ತಾರೆ. ಅವನು ‘ಗೆನ್ ಲಾ’ ಎಂದು ಕರೆಯುವ ಗುರುವೇ ಅವನ ಬಟ್ಟೆಬರೆ, ಜ್ವರ, ತುಂಟತನ ಎಲ್ಲಕ್ಕೂ ಹೊಣೆ. ಪರಊರಿನ ಮಗುವಿನ ಒಂಟಿತನಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸುಲಭವಾಗಿ ಕಾಣಸಿಗದು.

ಭಿಕ್ಷುಗಳಲ್ಲದ ಬಾಲಕ ಬಾಲಕಿಯರಿಗೆ ಟಿಬೆಟನ್ ಮಕ್ಕಳ ಗ್ರಾಮದ ಶಾಲೆಯಿದೆ. 1960ರಲ್ಲಿ ಧರ್ಮಶಾಲಾದಲ್ಲಿ ಹುಟ್ಟಿದ ಈ ಸಂಸ್ಥೆಯ ವಸತಿ ವ್ಯವಸ್ಥೆಯ ತಿರುಳೆಂದರೆ ಮನೆ. ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಬ್ಬ ಸಾಕುತಾಯಿ ನೋಡಿಕೊಳ್ಳುತ್ತಾರೆ. ಮಕ್ಕಳಿಗೆ ಅವರು ‘ಆಮಾ ಲಾ’. ಬೈಲಕುಪ್ಪೆಯ ಅನೇಕ ಕುಟುಂಬಗಳು ಚಳಿಗಾಲದಲ್ಲಿ ಸ್ವೆಟರ್ ಮಾರಲು ನಗರಗಳಿಗೆ ತೆರಳುವುದರಿಂದ ಸ್ಥಳೀಯ ಮಕ್ಕಳಿಗೂ ಹಾಸ್ಟೆಲ್ ಹೊಸದಲ್ಲ.

ಆದರೆ ‘ರಜೆಗೆ ಊರಿಗೆ’ ಎಂಬ ಮಾತು ಎಲ್ಲರಿಗೂ ಒಂದೇ ಅಲ್ಲ. ಭೂತಾನ್, ನೇಪಾಳದ ಹುಡುಗನಿಗೆ ಅದು ದೂರದ ರೈಲು ಪ್ರಯಾಣ. ತಂದೆತಾಯಿಯನ್ನು ಬಿಟ್ಟು ಹಿಮಾಲಯದ ಕಣಿವೆಗಳನ್ನು ದಾಟಿ ಟಿಬೆಟ್‌ನಿಂದ ಬಂದ ಮಗುವಿಗೆ ಹಿಂದಿರುಗುವ ಹಾದಿಯೇ ಇಲ್ಲದಂತಾಯಿತು. ಹೆತ್ತವರ ದನಿ ಕೇಳುವುದಕ್ಕೂ ವರ್ಷಗಟ್ಟಲೆ ಕಾದವರಿದ್ದಾರೆ. 2008ರ ಟಿಬೆಟ್ ಪ್ರತಿಭಟನೆಗಳ ಬಳಿಕ ಚೀನಾ ಗಡಿ ಬಿಗಿಗೊಳಿಸಿತು. ಅದಕ್ಕೆ ಮುನ್ನ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಬರುತ್ತಿದ್ದವರ ಸಂಖ್ಯೆ ಈಚೆಗೆ ಕೆಲವೇ ಹತ್ತುಗಳಿಗೆ ಇಳಿದಿದೆ. ಮಠಗಳ ಹೊಸ ವಿದ್ಯಾರ್ಥಿಗಳಲ್ಲಿ ಹಿಮಾಲಯದ ತಪ್ಪಲಿನವರ ಪಾಲು ಹೆಚ್ಚಿರುವುದು ಇದರಿಂದಲೇ.

ಕಾಗದಪತ್ರಗಳ ಕಥೆ ಇನ್ನೂ ವಿಚಿತ್ರ. ದೂರದ ದೇಶದ ಪ್ರಜೆ ಶಿಬಿರದೊಳಗೆ ತಂಗಬೇಕಾದರೆ ವೀಸಾ ಸಾಲದು, ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿಯೂ ಬೇಕು. ಇತ್ತ, ಪಿರಿಯಾಪಟ್ಟಣದ ಮಣ್ಣಿನಲ್ಲೇ ಹುಟ್ಟಿ, ಕುಶಾಲನಗರದ ಪೇಟೆಯಲ್ಲಿ ಕನ್ನಡ ಕಲಿತವರಲ್ಲಿ ಹಲವರ ಬಳಿ ಇರುವುದೂ ವಿದೇಶಿಯರ ನೋಂದಣಿ ಪತ್ರವೇ. 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಪ್ಪಿತು. ಇಂದು ತರಗತಿಯಲ್ಲಿ ಕುಳಿತಿರುವವರು ಹುಟ್ಟಿದ್ದು ಬಹಳ ತಡವಾಗಿ. ಅವರ ಪೌರತ್ವ ತಂದೆತಾಯಿಯ ಪೌರತ್ವವನ್ನು ಅವಲಂಬಿಸಿದೆ. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬ ಭಾರತೀಯ, ಇನ್ನೊಬ್ಬ ವಿದೇಶಿ ಆಗಿರಬಹುದು. ಇಬ್ಬರ ಊರೂ ಬೈಲಕುಪ್ಪೆಯೇ.