ಕುಡುಕನನ್ನು ರೋಗಿಯೆಂದು ಕಂಡ ವೈದ್ಯ

'ಕುಡುಕ'ನೆಂಬ ಒಂದೇ ಮಾತಿನಿಂದ ಮನುಷ್ಯನೊಬ್ಬನ ಬಾಳನ್ನೇ ತೀರ್ಮಾನಿಸಿಬಿಡುವುದು ಎಲ್ಲ ನಾಡುಗಳ ರೂಢಿ. ಅಂಥವನೂ ರೋಗಿಯೆಂದು ಸಾರಿದ ಮೊದಲಿಗರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಟ್ರಾಟರನು ಒಬ್ಬನು.

1760ರಲ್ಲಿ ಮೆಲ್ರೋಸಿನಲ್ಲಿ ಜನಿಸಿದ ಈತನು ಬ್ರಿಟಿಷ್ ನೌಕಾಪಡೆಯ ವೈದ್ಯನಾದನು. ನಡುವೆ 1783ರಲ್ಲಿ, ಗುಲಾಮರನ್ನು ಸಾಗಿಸುವ 'ಬ್ರೂಕ್ಸ್' ಹಡಗಿನಲ್ಲಿ ವೈದ್ಯನಾಗಿದ್ದು, ಅಲ್ಲಿ ಕಂಡ ಕ್ರೌರ್ಯವನ್ನು 1790ರಲ್ಲಿ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಸಾಕ್ಷಿಯಾಗಿ ನುಡಿದನು.

ಆ ಕಾಲದಲ್ಲಿ ನಾವಿಕರಿಗೆ ದಿನದ ಪಡಿಯಾಗಿ ರಮ್ಮನ್ನು ಹಂಚುತ್ತಿದ್ದುದು ನೌಕಾಪಡೆಯೇ. ಕುಡಿದು ತಪ್ಪಿದವನ ಬೆನ್ನಿಗೆ ಚಾವಟಿ ಬೀಸುತ್ತಿದ್ದುದೂ ಅದೇ! ಅಂಥಲ್ಲಿದ್ದುಕೊಂಡೇ ಟ್ರಾಟರನು ಕುಡಿತದ ಚಟವು ಮನಸ್ಸಿನ ರೋಗವೆಂದನು. 1788ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬರೆದೊಪ್ಪಿಸಿದ ಪ್ರಬಂಧವನ್ನು ಬೆಳೆಸಿ, 1804ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಪಾದ್ರಿಗಳ ಶಾಪದಿಂದಾಗಲಿ ನೀತಿವಂತರ ಬೈಗುಳಿನಿಂದಾಗಲಿ ಚಟ ಬಿಡದು. ವೈದ್ಯನು ಮೊದಲು ರೋಗಿಯ ನಂಬಿಕೆಯನ್ನು ಗಳಿಸಿ, ಅವನ ಸ್ವಭಾವವನ್ನೂ ಕುಡಿತಕ್ಕೆಳೆದ ಕಾರಣವನ್ನೂ ಅರಿಯಬೇಕು ಎಂಬುದು ಅವನ ಅಭಿಮತ. ಮನೆಯಲ್ಲಿ ಇಂಥ ಸಂಕಟವನ್ನುಂಡವರಿಗೆ ಈ ಮಾತಿನ ಬೆಲೆ ತಿಳಿಯದಿರದು.

ಮದ್ಯವನ್ನು ಒಮ್ಮೆಗೇ ನಿಲ್ಲಿಸಬೇಕೆಂದ ಅವನ ಮತವನ್ನು ಮಾತ್ರ ಇಂದಿನ ವೈದ್ಯರು ಹಾಗೆಯೇ ಒಪ್ಪರು. ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ಬಿಟ್ಟರೆ ಫಿಟ್ಸು, ಸನ್ನಿ ತಲೆದೋರಿ ಪ್ರಾಣಾಪಾಯವೂ ಆಗಬಹುದು. ಆದುದರಿಂದ ವೈದ್ಯರ ಕಣ್ಣೆದುರಿನಲ್ಲಿ, ಔಷಧಿಯ ನೆರವಿನಿಂದಲೇ ಬಿಡಿಸುವರು.

ಟ್ರಾಟರನು 1832ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ತೀರಿಕೊಂಡನು. ನಾವಿಕರ ರಮ್ಮಿನ ಪಡಿಯಾದರೋ 1970ರ ಜುಲೈ 31ರ ವರೆಗೂ ನಡೆದೇ ಇತ್ತು.