ತಗ್ಗಿ ಹುಟ್ಟಿದ ಜೀಪು ಎದ್ದು ನಿಂತ ಕತೆ

ಹಳೆಯ ಜೀಪು ಕೊಂಡವರಲ್ಲಿ ಅನೇಕರಿಗೆ ಬರುವ ಮೊದಲ ಆಸೆ ಅದನ್ನು ನಾಲ್ಕಂಗುಲ ಮೇಲೆತ್ತಿಸಬೇಕೆಂಬುದು. ಎತ್ತರದ ಜೀಪು ಕಲ್ಲುಹಾದಿಗೆ ಒಳ್ಳೆಯದು, ನೋಡಲೂ ಗತ್ತು. ದುಬಾರಿ ಬಿಡಿಭಾಗಗಳ ಗೊಡವೆಯಿಲ್ಲದೆ, ಊರಿನ ಗ್ಯಾರೇಜು ಮತ್ತು ವೆಲ್ಡಿಂಗ್ ಅಂಗಡಿಯಲ್ಲೇ ಈ ಕೆಲಸ ಮುಗಿಸಬಹುದೆಂಬ ನಂಬಿಕೆಯೂ ಉಂಟು. ಸೋಜಿಗವೆಂದರೆ, ಈ ವಾಹನ ಹುಟ್ಟಿದ್ದೇ ಆದಷ್ಟು ತಗ್ಗಾಗಿರಬೇಕೆಂಬ ಷರತ್ತಿನ ಮೇಲೆ.

1940ರ ಜುಲೈನಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ವಾಹನಕ್ಕಾಗಿ ತಯಾರಕರನ್ನು ಆಹ್ವಾನಿಸಿತು. ಗಾಜಿನ ಚೌಕಟ್ಟನ್ನು ಮಡಚಿದಾಗ ಅದರ ಎತ್ತರ 36 ಅಂಗುಲ ಮೀರಬಾರದು ಎಂಬುದು ಷರತ್ತುಗಳಲ್ಲೊಂದು. ಶತ್ರುವಿನ ಕಣ್ಣಿಗೆ ಬೀಳದಂತೆ ಪೊದೆಯ ಮರೆಯಲ್ಲಿ ಸಾಗುವ ವಾಹನ ಅವರಿಗೆ ಬೇಕಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಬ್ಯಾಂಟಮ್ ಎಂಬ ಪುಟ್ಟ ಕಂಪೆನಿ ಮೊದಲ ಮಾದರಿಯನ್ನು ಒಪ್ಪಿಸಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಸಿದ್ಧವಾದ ಜೀಪು ಮೂಲ ಮಿತಿಯನ್ನು ದಾಟಿತಾದರೂ ತಗ್ಗಾಗಿರಬೇಕೆಂಬ ಆಶಯ ಉಳಿಯಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 80 ಅಂಗುಲ ಮಾತ್ರ.

ಈ ತಗ್ಗಿನ ಗುಟ್ಟು ಇದ್ದದ್ದು ಅದರ ಕಮಾನು ಪಟ್ಟಿಗಳಲ್ಲಿ. ನಮ್ಮ ಮೆಕ್ಯಾನಿಕ್‌ಗಳು ‘ಪ್ಲೇಟು’ ಎನ್ನುವ ಈ ಉಕ್ಕಿನ ಪಟ್ಟಿಗಳು ಕಾರಿಗಿಂತ ಹಳೆಯವು. ಇಂಗ್ಲೆಂಡಿನ ಒಬಡಯ್ಯ ಎಲಿಯಟ್ 1804ರಲ್ಲೇ ಕುದುರೆ ಸಾರೋಟಿಗೆ ಇಂಥ ಸ್ಪ್ರಿಂಗ್ ಕೂರಿಸುವ ಬಗೆಗೆ ಪೇಟೆಂಟ್ ಪಡೆದಿದ್ದ. ನಮ್ಮ ಜಟಕಾ ಗಾಡಿಗಳ ಕೆಳಗೂ ಇವನ್ನು ಕಾಣಬಹುದಿತ್ತು. ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ನಡುವೆ ಆಕ್ಸಲ್‌ಗೆ ಬಿಗಿಯುತ್ತಾರೆ. ಒಂದು ತುದಿ ಚಾಸಿಗೆ ಕಚ್ಚಿಕೊಂಡರೆ ಇನ್ನೊಂದು ತುದಿ ‘ಶ್ಯಾಕಲ್’ ಎಂಬ ತೂಗುಕೊಂಡಿಗೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ ಆ ತುದಿಗೆ ಸರಿದಾಡುವ ಅವಕಾಶ ಬೇಕು. ಜೀಪಿನಲ್ಲಿ ಈ ಪ್ಲೇಟುಗಳು ಆಕ್ಸಲ್‌ನ ಮೇಲೆ ಕೂರದೆ ಅದರ ಕೆಳಗೆ ತೂಗುತ್ತಿದ್ದವು. ಹೀಗಾಗಿ ಇಡೀ ದೇಹ ನೆಲಕ್ಕೆ ಹತ್ತಿರವಾಯಿತು.

ಯುದ್ಧ ಮುಗಿದ ಮೇಲೆ ಬಚ್ಚಿಟ್ಟುಕೊಳ್ಳುವ ಅಗತ್ಯವೇ ಇಲ್ಲವಾಯಿತು. ವಿಲ್ಲೀಸ್ ಕಂಪೆನಿ 1945ರಲ್ಲಿ ರೈತರಿಗೆಂದು ನಾಗರಿಕ ಜೀಪನ್ನು ತಂದಿತು. ಕ್ಯಾಲಿಫೋರ್ನಿಯಾದ ಹವ್ಯಾಸಿಗಳು 1953ರಲ್ಲಿ ರೂಬಿಕಾನ್ ಎಂಬ ಬಂಡೆಗಳ ಹಾದಿಯಲ್ಲಿ ಜೀಪುಗಳ ಸಾಮೂಹಿಕ ಯಾತ್ರೆಯನ್ನೇ ಆರಂಭಿಸಿದರು. ಅಂಥ ಹಾದಿಯಲ್ಲಿ ಹೊಟ್ಟೆ ಕಲ್ಲಿಗೆ ತಾಗುವ ವಾಹನ ಯಾರಿಗೆ ಬೇಕು? ಎತ್ತರಿಸುವುದು ಅಲ್ಲಿ ಕ್ರಮೇಣ ಒಂದು ಉದ್ಯಮವೇ ಆಯಿತು.

ನಮ್ಮಲ್ಲಿ ಕತೆ ಬೇರೆ. ಮಿಲಿಟರಿ ಡಿಸ್ಪೋಸಲ್ ಜೀಪುಗಳೂ, 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪೆನಿ ಜೋಡಿಸಿದ ಜೀಪುಗಳೂ ಮಲೆನಾಡಿಗೆ, ಕೊಡಗಿಗೆ ಬಂದಾಗ ಅವುಗಳ ಮುಂದಿದ್ದ ಪ್ರಶ್ನೆ ಬಂಡೆಯಲ್ಲ, ಹೊರೆ. ಅಡಿಕೆ, ಕಾಫಿ, ಗೊಬ್ಬರದ ಮೂಟೆಗಳ ಮೇಲೆ ಜನ. ಕೊಡಚಾದ್ರಿಯ, ಮಾಂದಲಪಟ್ಟಿಯ ಏರುಗಳಲ್ಲಿ ಪ್ರವಾಸಿಗರನ್ನು ಹೊತ್ತದ್ದೂ ಇವೇ. ಪೆಟ್ರೋಲ್ ಎಂಜಿನ್ ತೆಗೆದು ಭಾರದ ಡೀಸೆಲ್ ಎಂಜಿನ್ ಕೂರಿಸಿದರೆ ಮುಂದಿನ ಪ್ಲೇಟುಗಳು ಕುಸಿಯುವುದೂ ಸಹಜ. ಆಗ ಕಂಡ ಉಪಾಯ ಇನ್ನೊಂದು ಪ್ಲೇಟು ಸೇರಿಸುವುದು. ಎತ್ತರ ಇಲ್ಲಿ ಬೇಡದೆ ಬಂದ ಬಳುವಳಿ. ಹೊರೆ ಇಳಿಸಿದ ಮೇಲೆ ಜೀಪು ಎದ್ದು ನಿಲ್ಲುತ್ತಿತ್ತು, ಕೂತವರ ಸೊಂಟ ಮುರಿಯುವಂತೆ ಕುಕ್ಕುತ್ತಿತ್ತು.

ಅಗ್ಗದ ಉಪಾಯಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಈ ಹೆಚ್ಚುವರಿ ಪ್ಲೇಟು. ಎರಡನೆಯದು ಚಪ್ಪಟೆಯಾದ ಪ್ಲೇಟನ್ನು ಬಡಿದು ಮತ್ತೆ ಬಾಗಿಸುವುದು. ಕಾಯಿಸಿ ಬಾಗಿಸಿದರೆ ಉಕ್ಕಿನ ಹದ ಹೋಗುತ್ತದೆ. ಮತ್ತೆ ಹದ ಕೊಡದಿದ್ದರೆ ಅದು ಬೇಗನೆ ಕುಸಿಯುತ್ತದೆ. ಮೂರನೆಯದು ಉದ್ದನೆಯ ಶ್ಯಾಕಲ್. ಒಂದು ತುದಿ ಮಾತ್ರ ಏರುವುದರಿಂದ ಎರಡಂಗುಲ ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು ಒಂದಂಗುಲ. ನಾಲ್ಕನೆಯದು ಪ್ಲೇಟುಗಳನ್ನು ಆಕ್ಸಲ್‌ನ ಕೆಳಗಿನಿಂದ ಮೇಲಕ್ಕೆ ತರುವುದು. ಹೊಸ ಪೀಠಗಳನ್ನು ವೆಲ್ಡ್ ಮಾಡಿ ಬಿಗಿದರೆ ಒಮ್ಮೆಗೇ ಸುಮಾರು ಐದಂಗುಲ ಸಿಗುತ್ತದೆ. ಸೈನ್ಯದ ಆಶಯವನ್ನು ಅಕ್ಷರಶಃ ತಲೆಕೆಳಗು ಮಾಡುವ ಉಪಾಯವಿದು.

ಆದರೆ ಏರುವುದು ಯಾವುದು? ದೇಹ ಏರುತ್ತದೆ, ಆಕ್ಸಲ್ ಏರುವುದಿಲ್ಲ. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್‌ನ ಉಬ್ಬು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಮಾತ್ರ. ಅದೂ ಟೈರಿನ ವ್ಯಾಸ ಎರಡಂಗುಲ ಹೆಚ್ಚಿದರೆ ಒಂದಂಗುಲ. ದೇಹ ಎತ್ತರಿಸುವುದರ ಲಾಭವೆಂದರೆ ಹೊಟ್ಟೆ, ಮೂತಿಗಳು ಕಲ್ಲಿಗೆ ತಾಗುವುದು ಕಡಿಮೆಯಾಗುತ್ತದೆ, ಆ ದೊಡ್ಡ ಟೈರಿಗೆ ಜಾಗ ಸಿಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಹಳೆಯ ಜೀಪಿನ ಮುಂದಿನ ಶ್ಯಾಕಲ್ ಉದ್ದವಾದರೆ ಆಕ್ಸಲ್ ಮುಂದಕ್ಕೆ ವಾಲಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಗ್ಗುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರ್ ಕೊಳವೆ ಬಿಗಿದು ಹರಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಗಲ ಅಷ್ಟೇ ಇದ್ದು ಭಾರದ ಕೇಂದ್ರ ಮೇಲೇರಿದ ವಾಹನ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು.

ಈ ಪಾಠವನ್ನು ಜೀಪಿನ ತಯಾರಕರೇ ಕಲಿಯಬೇಕಾಯಿತು. 1980ರ ಡಿಸೆಂಬರ್‌ನಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದು ಸಿಜೆ-5 ಜೀಪು ಮಗುಚುವ ಪರೀಕ್ಷೆಗಳನ್ನು ತೋರಿಸಿತು. ಪರೀಕ್ಷೆಯ ರೀತಿ ಸರಿಯಿಲ್ಲವೆಂಬ ವಾದ ಎದ್ದರೂ ಜನರ ಮನಸ್ಸಿನಲ್ಲಿ ಅಳುಕು ಉಳಿಯಿತು. 1983ಕ್ಕೆ ಆ ಮಾದರಿ ನಿಂತಿತು. 1986ರಲ್ಲಿ ಬಂದ ರ‍್ಯಾಂಗ್ಲರ್ ಹಳೆಯ ಜೀಪಿಗಿಂತ ತಗ್ಗಾಗಿತ್ತು, ಚಕ್ರಗಳ ನಡುವಿನ ಅಗಲ ಹೆಚ್ಚಿತ್ತು. ಗಿರಾಕಿಗಳು ಎತ್ತುತ್ತಿದ್ದುದನ್ನು ಕಾರ್ಖಾನೆ ಇಳಿಸಿತ್ತು.

ನಮ್ಮಲ್ಲಿ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡಿಗೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿತು.

ಹಾಗಾದರೆ ಹಳೆಯ ಜೀಪಿನ ಒಡೆಯ ಏನು ಮಾಡಬೇಕು? ದಶಕಗಳ ಕಾಲ ಹೊರೆ ಹೊತ್ತ ಪ್ಲೇಟುಗಳು ಸೋತು, ಜೀಪು ತನ್ನ ಮೂಲ ಎತ್ತರವನ್ನೇ ಕಳೆದುಕೊಂಡಿರುವುದು ಸಾಮಾನ್ಯ. ಅವನ್ನು ತೆಗೆದು ಸರಿಯಾದ ಅಳತೆಯ ಹೊಸ ಪ್ಲೇಟು, ಬುಷ್‌ಗಳನ್ನು ಹಾಕಿಸಿದರೆ ಕಳೆದುಹೋದ ಎತ್ತರ ಮರಳುತ್ತದೆ. ಸ್ಟೀರಿಂಗಿಗೂ ಕಾನೂನಿಗೂ ತಕರಾರಿಲ್ಲ. ಸೋತ ಪ್ಲೇಟೂ ದಂಡವಾಗುವುದಿಲ್ಲ. ಕಮ್ಮಾರನ ಕುಲುಮೆಗೆ ಹೋದರೆ ಅದೇ ಉಕ್ಕು ಒಳ್ಳೆಯ ಕತ್ತಿಯಾಗಿ ತೋಟಕ್ಕೆ ಮರಳೀತು.